ಮಕ್ಕಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗೋ ಮೇಷ್ಟ್ರಿಗೆ, ಮಿಸ್‌ಗಳಿಗೆ

ಬೆಂಗಳೂರು ಟ್ರಿಪ್ ಅಂದ್ರೆ ಬೆಳಗ್ಗೆ ಲಾಲ್‌ಬಾಗ್, ಆಮೇಲೆ ವಿಧಾನಸೌಧದ ಮುಂದೆ ಫೋಟೋ, ಸಂಜೆಗೆ ಬನ್ನೇರುಘಟ್ಟ, ಇದ್ರ ಮಧ್ಯೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೇಲಿ ಮಕ್ಕಳ ಕಿವಿಗೆ ಬೀಳೋದು "ಬೇಗ ನಡೀರಿ, ಸಾಲು ಬಿಡ್ಬೇಡಿ" ಅನ್ನೋದೊಂದೇ. ದಯವಿಟ್ಟು ಜಾಗ ಕಮ್ಮಿ ಮಾಡಿ, ಒಂದೊಂದು ವಸ್ತುವಿನ ಮುಂದೆ ನಿಲ್ಲೋ ಹೊತ್ತು ಜಾಸ್ತಿ ಮಾಡಿ.

ಮೊದಲು ಫೋನ್. ಯಾವತ್ತು ರಜೆ, ರಿಪೇರಿ ಅಂತ ಯಾವುದಾದ್ರೂ ಗ್ಯಾಲರಿ ಮುಚ್ಚಿದ್ಯಾ, ಸೈನ್ಸ್ ಶೋ ಎಷ್ಟೊತ್ತಿಗೆ, ಕನ್ನಡದಲ್ಲಿ ವಿವರಿಸೋರು ಸಿಗ್ತಾರಾ, ಇಷ್ಟೂ ಕೇಳಿ, ಕನ್ನಡದ್ದನ್ನಂತೂ ಸಂಕೋಚ ಇಲ್ದೆ ಕೇಳಿ. ಸ್ಕೂಲ್ ಗುಂಪಿಗೆ ರಿಯಾಯ್ತಿ ಬೇಕಂದ್ರೆ ಹೆಡ್‌ಮಾಸ್ಟರ್ ಸೈನು, ಸೀಲು ಇರೋ ಪತ್ರ ಇಟ್ಕೊಂಡಿರಿ. ಡಿಸೆಂಬರ್, ಜನವರೀಲಿ ಎಲ್ಲಾ ಸ್ಕೂಲ್ ಬಸ್ಸೂ ಅಲ್ಲೇ ಇರ್ತಾವೆ, ಗೈಡ್ ಮಾತು ಹಿಂದೆ ನಿಂತಿರೋರಿಗೆ ಕೇಳ್ಸೋದೇ ಇಲ್ಲ, ಅದಕ್ಕೆ ಜುಲೈ, ಆಗಸ್ಟ್‌ನಲ್ಲಿ ಯಾವುದಾದ್ರೂ ವಾರದ ದಿನ ಬೆಳಗ್ಗೇನೇ ಹೋಗಿ. ಆಗ್ಲೇ ಸಾಧ್ಯ ಆದ್ರೆ ಟೀಚರ್ ಒಬ್ರು ಮುಂಚೆ ಹೋಗಿ ನೋಡ್ಕೊಂಡು ಬರ್ಲಿ, ಟಾಯ್ಲೆಟ್ ಎಲ್ಲಿ, ಊಟಕ್ಕೆ ಕೂರೋದೆಲ್ಲಿ, ಬಸ್ ನಿಲ್ಸೋದೆಲ್ಲಿ, ಮುಖ್ಯವಾಗಿ ಯಾವ ನಾಲ್ಕೈದು ವಸ್ತು ನೋಡ್ಬೇಕು ಅಂತ.

ಹೋಗೋ ಮುಂಚೆ ಕ್ಲಾಸಲ್ಲಿ ಮಾಡೋ ಕೆಲಸಾನೇ ದೊಡ್ಡದು. ಉದಾಹರಣೆಗೆ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಅಷ್ಟೇ ಅಳತೆಯ ಮಾದರಿ ಇದೆ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡ್, 120 ಅಡಿ, ಅಷ್ಟೇ. ಸ್ಕೂಲ್ ಮೈದಾನದಲ್ಲಿ ಹಗ್ಗ ಹಿಡಿದು 120 ಅಡಿ ಅಳೆದು ಮಕ್ಕಳನ್ನ ಓಡ್ಸಿ, ಏಳನೇ ಕ್ಲಾಸಿನ ಹುಡುಗಿ ಸಹ 12 ಸೆಕೆಂಡಿಗಿಂತ ಮುಂಚೆ ಮುಟ್ಬಿಡ್ತಾಳೆ! ಹಾಗಾದ್ರೆ ವಿಮಾನ ಯಾಕಷ್ಟು ನಿಧಾನ? ಉತ್ತರ ನೀವು ಹೇಳ್ಬೇಡಿ, ಅಲ್ಲಿ ಗೈಡ್‌ನ ಕೇಳ್ಲಿ, ಎದುರುಗಾಳಿ ಎಷ್ಟು ಜೋರಾಗಿತ್ತು, ಆ ಗಾಳಿಯಿಂದ ರೆಕ್ಕೆಗೆ ಏನು ಉಪಯೋಗ ಆಯ್ತು ಅನ್ನೋ ಮಾತು ಅಲ್ಲಿಂದ ತಾನಾಗೇ ಶುರುವಾಗತ್ತೆ. ವಿಮಾನ ಓಡಿಸೋನು ಕೂರ್ತಿರ್ಲಿಲ್ಲ, ಕೆಳಗಿನ ರೆಕ್ಕೆ ಮೇಲೆ ಬೋರಲು ಮಲಗ್ತಿದ್ದ, ಅವನ ಜಾಗ ಯಾವುದು ಅಂತ ಮಕ್ಕಳೇ ಹುಡುಕ್ಲಿ.

ಅದೇ ರಸ್ತೇಲಿರೋ ಸರ್ಕಾರಿ ಮ್ಯೂಸಿಯಂ ಕೆಂಪು ಕಟ್ಟಡದಲ್ಲಿ ಆತಕೂರು ಶಾಸನ ಇದೆ. ತೆರೆದಿದ್ಯಾ ಅಂತ ಕೇಳ್ಕೊಂಡು ಹೋಗಿ, ತೆರೆದಿದ್ರೆ ಬಿಡ್ಲೇಬೇಡಿ, ಮಕ್ಕಳಿಗೆ ಹಳೇ ಕಲ್ಲು ಬೋರು ಅನ್ನೋರಿಗೆ ಇದೊಂದು ಕಲ್ಲು ಸಾಕು. ಕ್ರಿ.ಶ. 949ರ ಸುಮಾರಿನದು, ಮಂಡ್ಯ ಕಡೆಯದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರ ಅನ್ನೋ ವೀರನಿಗೆ ಗಂಗರ ರಾಜ ಬೂತುಗ "ಮೆಚ್ಚಿದೆ, ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿನ. ಆ ಕಾಳಿ ದೊಡ್ಡ ಕಾಡುಹಂದಿ ಜೊತೆ ಕಾದಾಡಿ, ಎರಡೂ ಸತ್ವು, ಅದಕ್ಕೆ ಈ ಕಲ್ಲು ನಿಲ್ಸಿದ್ರು. ಕ್ಲಾಸಲ್ಲಿ "ರಾಜ ಏನು ಬೇಕಾದ್ರೂ ಕೇಳು ಅಂದ, ಇವನು ಏನು ಕೇಳಿರ್ಬೋದು?" ಅಂತ ಅರ್ಧ ಕತೆಗೇ ನಿಲ್ಸಿ. ಮಕ್ಕಳು ಕಲ್ಲಿನ ಮೇಲೆ ನಾಯಿ, ಹಂದೀನ ನೋಡಿದಾಗ ಅವರೇ ಕೂಗಿ ಹೇಳ್ತಾರೆ. ಆಮೇಲೆ ಐದು ನಿಮಿಷ ಸುಮ್ನೆ ಬಿಡಿ, ಗೊತ್ತಾಗೋ ಅಕ್ಷರ ಒಂದಾದ್ರೂ ಇದ್ಯಾ ಅಂತ ಹುಡುಕ್ಲಿ, ಸಾವಿರ ವರ್ಷದ ಹಿಂದಿನ ಕನ್ನಡ ಅದು.

ಗುಂಪು ಹದಿನೈದು, ಇಪ್ಪತ್ತು ಮಕ್ಕಳಿಗಿಂತ ದೊಡ್ಡದಾಗ್ಬಾರ್ದು. ಒಂದು ಗುಂಪು ಗೈಡ್ ಜೊತೆ ಇದ್ದಾಗ ಇನ್ನೊಂದು ಇಂಜಿನ್ ಹಾಲಲ್ಲಿ, ಮತ್ತೊಂದು ಊಟಕ್ಕೆ, ಹೀಗೆ ತಿರುಗ್ಸಿ. ಗೈಡ್‌ಗೆ ಮೊದಲೇ ಹೇಳ್ಬಿಡಿ, ಇವ್ರು ಎಷ್ಟನೇ ಕ್ಲಾಸು, ಪಾಠದಲ್ಲಿ ಎಲ್ಲಿದ್ದೀವಿ ಅಂತ. ಹಾಗೆ ಹೇಳಿದ್ರೆ ಅವ್ರ ಮಾತೂ ಬದಲಾಗತ್ತೆ, ಇಲ್ಲಾಂದ್ರೆ ದಿನಾ ಹೇಳೋದನ್ನೇ ಒಪ್ಪಿಸ್ತಾರೆ, ತಪ್ಪು ಅವ್ರದ್ದಲ್ಲ. ವರ್ಕ್‌ಶೀಟ್ ಕೊಡೋದಾದ್ರೆ ಪ್ರಶ್ನೆ ಮೂರು ಸಾಕು, ಜಾಸ್ತಿ ಆದ್ರೆ ಮಕ್ಕಳು ವಸ್ತು ಬಿಟ್ಟು ಬೋರ್ಡ್ ನೋಡಿ ಕಾಪಿ ಮಾಡ್ತಾ ಕೂರ್ತಾರೆ. ನೀವೂ ಮೊಬೈಲ್ ಜೇಬಿಗೆ ಹಾಕಿ, ಪ್ರಶ್ನೆ ಕೇಳಿ, ಮೇಷ್ಟ್ರೇ ಕೇಳ್ತಿದ್ದಾರೆ ಅಂದ್ರೆ ನಾಚಿಕೆ ಸ್ವಭಾವದ ಮಕ್ಕಳೂ ಬಾಯಿ ಬಿಡ್ತಾರೆ.

ಪಿಯುಸಿ ಮಕ್ಕಳಿದ್ರೆ ನಿಮ್ಹಾನ್ಸ್‌ನ ಬ್ರೈನ್ ಮ್ಯೂಸಿಯಂ ಕೇಳಿ ನೋಡಿ, ಅಲ್ಲಿ ವಿವರಿಸೋರು ಜೊತೇಲೇ ಇರ್ತಾರೆ, ನಿಜವಾದ ಮಿದುಳನ್ನ ಕೈಲಿ ಮುಟ್ಟೋಕೂ ಬಿಡ್ತಾರೆ, ಆದ್ರೆ ವಾರದಲ್ಲಿ ಕೆಲವೇ ದಿನ, ಮೊದಲೇ ಗೊತ್ತು ಮಾಡ್ಕೊಳಿ. ಕಲಬುರಗಿ ಕಡೆಯವ್ರಿಗೆ ಬೆಂಗಳೂರು ತನಕ ಬರೋದೇ ಬೇಡ, ಅಲ್ಲಿನ ಜಿಲ್ಲಾ ವಿಜ್ಞಾನ ಕೇಂದ್ರಾನೂ ವಿಶ್ವೇಶ್ವರಯ್ಯ ಮ್ಯೂಸಿಯಂದೇ. ಬಸ್ ಖರ್ಚು ಎಲ್ಲೂ ಹೊಂದ್ತಿಲ್ಲ ಅನ್ನೋ ಹಳ್ಳಿ ಸ್ಕೂಲವ್ರು ಮ್ಯೂಸಿಯಂಗೆ ಒಂದು ಪತ್ರ ಬರೀರಿ, ಪ್ರದರ್ಶನ ಹೊತ್ಕೊಂಡು ಊರೂರಿಗೆ ಬರೋ ಸಂಚಾರಿ ವಿಜ್ಞಾನ ಬಸ್ ಅವ್ರ ಹತ್ರ ಇದೆ, ಅಕ್ಕಪಕ್ಕದ ನಾಲ್ಕು ಸ್ಕೂಲಿನವ್ರೂ ಸೇರಿ ಕೇಳಿ.