ಪ್ರಾಸ್ಟೇಟ್ ಎಂಆರ್‌ಐಗೆ ಸ್ಕೋರ್ ಹಾಕುವ ಮುಂಚೆ ನಾನು ನೋಡುವುದು

ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಎಂಆರ್‌ಐ ರಿಪೋರ್ಟಿನಲ್ಲಿ 'ಪೈ-ರ್ಯಾಡ್ಸ್ 4' ಅಂತ ಬರೆದರೆ ಎಷ್ಟೋ ಮನೆಯವರು ಅದನ್ನು ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಂತ ಓದುತ್ತಾರೆ. ನಾನು ವಿಜಯಪುರದಲ್ಲಿ ರೇಡಿಯಾಲಜಿಸ್ಟ್. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಅಪ್ಪನನ್ನು ಕರೆತಂದ ಮಕ್ಕಳು ಕೌಂಟರಿನಲ್ಲೇ ಲಕೋಟೆ ತೆಗೆದು ನೋಡಿ, "ಸಾಹೇಬ್ರ, ನಮ್ಮಪ್ಪಗ ಲಾಸ್ಟ್ ಸ್ಟೇಜ್ ಏನ್ರಿ?" ಅಂತ ಕೇಳುತ್ತಾರೆ. ಅಲ್ಲ. ಈ ಸ್ಕೋರ್ 1ರಿಂದ 5ರವರೆಗೆ ಇರುತ್ತದೆ. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇರಬಹುದು ಅನ್ನುವ ಸಂಶಯ ಎಷ್ಟು ಗಟ್ಟಿ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಕ್ಯಾನ್ಸರ್ ಇದೆ ಅಂತ ಖಾತ್ರಿ ಮಾಡುವುದು ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಮಾಡುವ ಪರೀಕ್ಷೆ. ಸ್ಟೇಜ್ ಅನ್ನುವುದು ಅದರ ನಂತರದ ಲೆಕ್ಕ. ಅದಕ್ಕೇ ನಾನು ರಿಪೋರ್ಟಿನ ಕೊನೆಗೆ ಒಂದು ಸಾಲು ಕನ್ನಡದಲ್ಲೇ ಬರೆಯುತ್ತೇನೆ: 'ಇದು ಸಂಶಯದ ಸ್ಕೋರ್, ರೋಗದ ಹಂತ ಅಲ್ಲ.'

ಈ ಪದ್ಧತಿ ಮೊದಲು ಬಂದದ್ದು 2012ರಲ್ಲಿ, ಯುರೋಪಿನ ರೇಡಿಯಾಲಜಿಸ್ಟರಿಂದ. ಆಮೇಲೆ ಅಮೆರಿಕದವರೂ ಸೇರಿ 2015ರಲ್ಲಿ ಎರಡನೇ ಆವೃತ್ತಿ ತಂದರು. 2019ರಲ್ಲಿ ಅದನ್ನು ತಿದ್ದಿ 2.1 ಮಾಡಿದರು. ನಾನು ಬಳಸುವುದು ಅದನ್ನೇ. ಇದು ಬರುವ ಮುಂಚೆ ಒಬ್ಬರು 'ಸ್ವಲ್ಪ ಅನುಮಾನ' ಅಂತ ಬರೆಯುತ್ತಿದ್ದರು, ಇನ್ನೊಬ್ಬರು 'ತಳ್ಳಿಹಾಕಲಾಗದು' ಅಂತ. ಓದಿದ ಯುರಾಲಜಿ ಡಾಕ್ಟರು ಅದರಿಂದ ಏನು ತೀರ್ಮಾನ ಮಾಡಬೇಕು, ಹೇಳಿ.

ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ ಅನ್ನುವ ಕ್ರಮ ಸುಮ್ನೆ ಬಂದದ್ದಲ್ಲ. 2017ರಲ್ಲಿ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ 576 ಗಂಡಸರನ್ನು ಪರೀಕ್ಷಿಸಿತು. ಅಪಾಯದ ಕ್ಯಾನ್ಸರ್ ಇದ್ದ 100 ಜನರಲ್ಲಿ ಎಂಆರ್‌ಐ 93 ಜನರನ್ನು ಗುರುತಿಸಿತು. ಅಲ್ಟ್ರಾಸೌಂಡ್ ನೋಡುತ್ತಾ ಎಲ್ಲ ಕಡೆ ಸೂಜಿ ಹಾಕುವ ಹಳೆಯ ಬಯಾಪ್ಸಿ ಗುರುತಿಸಿದ್ದು 48 ಜನರನ್ನು. ಮರುವರ್ಷ 500 ಜನರ ಮೇಲೆ ನಡೆದ ಪ್ರಿಸಿಷನ್ ಅಧ್ಯಯನ ಬಂತು. ಎಂಆರ್‌ಐ ನೋಡಿ ಗುರಿ ಇಟ್ಟು ಬಯಾಪ್ಸಿ ಮಾಡಿದ ಗುಂಪಿನಲ್ಲಿ 38 ಶೇಕಡಾ ಜನರಲ್ಲಿ ಅಪಾಯದ ಕ್ಯಾನ್ಸರ್ ಸಿಕ್ಕಿತು, ಹಳೆಯ ವಿಧಾನದಲ್ಲಿ 26 ಶೇಕಡಾ. ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಕಿ. ತೊಂದರೆ ಕೊಡದಂಥ ಸಣ್ಣ ಕ್ಯಾನ್ಸರ್ ಪತ್ತೆಯಾಗಿದ್ದು 22ರಿಂದ 9 ಶೇಕಡಾಕ್ಕೆ ಇಳಿಯಿತು. ಎಪ್ಪತ್ತೈದು ದಾಟಿದ ಮುತ್ಯಾನ ತಲೆಯ ಮೇಲೆ ಸುಮ್ನೆ 'ಕ್ಯಾನ್ಸರ್' ಅನ್ನುವ ಮಾತು ಹೊರಿಸದೇ ಇರುವುದೂ ನಮ್ಮ ಕೆಲಸವೇ ಅಲ್ವಾ?

ಆದರೆ ಈ ಲಾಭ ಸಿಗುವುದು ಚಿತ್ರ ಚೆನ್ನಾಗಿದ್ದಾಗ ಮಾತ್ರ. ಸ್ಕೋರ್ ಹಾಕುವ ಕೆಲಸ ರೋಗಿ ಯಂತ್ರದೊಳಗೆ ಹೋಗುವ ಮುಂಚೆಯೇ ಶುರುವಾಗುತ್ತದೆ ಅಂತ ನಾನು ನಂಬಿದ್ದೇನೆ. ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಪಿಎಸ್‌ಎ ಅನ್ನುವ ಪ್ರೋಟೀನಿನ ಪರೀಕ್ಷೆಯ ಚೀಟಿ ಕೇಳುತ್ತೇನೆ. ಅದನ್ನು ಯಾವಾಗ ಮಾಡಿಸಿದ್ದು ಅಂತಲೂ ಕೇಳುತ್ತೇನೆ. ಮೂತ್ರ ಕಟ್ಟಿ ನಳಿಗೆ ಹಾಕಿಸಿಕೊಂಡ ಸಮಯದಲ್ಲೋ, ಉರಿಮೂತ್ರ ಇದ್ದಾಗಲೋ ಮಾಡಿಸಿದ್ದರೆ ಪಿಎಸ್‌ಎ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಮನೆಯಲ್ಲಿರುವ ಗುಳಿಗೆಯ ಶೀಟ್ ತರಲು ಹೇಳುತ್ತೇನೆ. ಗ್ರಂಥಿ ಕುಗ್ಗಿಸಲು ಫಿನಾಸ್ಟರೈಡ್ ಅಥವಾ ಡ್ಯೂಟಾಸ್ಟರೈಡ್ ಅನ್ನು ಆರು ತಿಂಗಳು, ವರ್ಷ ನುಂಗುತ್ತಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಚೀಟಿಯಲ್ಲಿ 3 ಕಂಡರೂ ಅದನ್ನು 6 ಅಂತಲೇ ಲೆಕ್ಕ ಹಿಡಿಯಬೇಕು. ಗುಳಿಗೆಯ ಹೆಸರು ಯಾರಿಗೂ ನೆನಪಿರುವುದಿಲ್ಲ, ಶೀಟ್ ನೋಡಿದರೆ ತಿಳಿಯುತ್ತದೆ.

ಬಯಾಪ್ಸಿ ಆಗಲೇ ಆಗಿದೆಯಾ ಅನ್ನುವುದೂ ಬೇಕು. ಸೂಜಿ ಹೋದ ಕಡೆ ರಕ್ತ ನಿಂತು ಕ್ಯಾನ್ಸರಿನಂತೆಯೇ ಕಪ್ಪಾಗಿ ಕಾಣುತ್ತದೆ. ಹಾಗಿದ್ದರೆ ಕನಿಷ್ಠ ಆರು ವಾರ ಬಿಟ್ಟು ಬರಲು ಹೇಳುತ್ತೇನೆ, ಬಂದಾಗಲೂ ರಕ್ತ ಉಳಿದಿದೆಯಾ ಅಂತ ರಕ್ತ ಬೆಳ್ಳಗೆ ಕಾಣುವ ಟಿ1 ಬಗೆಯ ಎಂಆರ್‌ಐ ಚಿತ್ರದಲ್ಲಿ ನೋಡುತ್ತೇನೆ. ಇನ್ನೊಂದು, ಹೊಟ್ಟೆ. ನಸುಕಿನಲ್ಲೇ ಬಸ್ ಹತ್ತಿ ಬಂದವರಿಗೆ ಸಂಡಾಸಿಗೆ ಹೋಗಲು ಪುರಸೊತ್ತೇ ಆಗಿರುವುದಿಲ್ಲ. ಪ್ರಾಸ್ಟೇಟಿನ ಬೆನ್ನಿಗೇ ಗುದನಾಳ ಇದೆ. ಅಲ್ಲಿ ಗಾಳಿ ತುಂಬಿದ್ದರೆ, ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ ಜಗ್ಗಿದಂತಾಗುತ್ತದೆ, ಅದೂ ಕ್ಯಾನ್ಸರ್ ಹೆಚ್ಚಾಗಿ ಕೂರುವ ಹಿಂಭಾಗದಲ್ಲೇ. ಬೇಕಾದರೆ ಚಿಕ್ಕ ಎನಿಮಾ ಕೊಡಿಸಿ ಅರ್ಧ ತಾಸು ಕಾಯುತ್ತೇವೆ. ಕೆಟ್ಟ ಚಿತ್ರಕ್ಕೆ ಹಾಕಿದ ಸ್ಕೋರ್ ಯಾರಿಗೂ ಉಪಯೋಗವಿಲ್ಲ. ಚಿತ್ರದ ಗುಣಮಟ್ಟ ಹೇಗಿತ್ತು ಅಂತ ರಿಪೋರ್ಟಿನಲ್ಲೇ ಬರೆಯುತ್ತೇನೆ.

ಓದಲು ಕೂತಾಗ ನನ್ನ ಮೊದಲ ಪ್ರಶ್ನೆ ಒಂದೇ: ಅನುಮಾನದ ಕಲೆ ಯಾವ ಭಾಗದಲ್ಲಿದೆ? ಪೈ-ರ್ಯಾಡ್ಸ್‌ನ ಜೀವ ಇರುವುದೇ ಇಲ್ಲಿ. ಗ್ರಂಥಿಯ ಹೊರ ಅಂಚಿನ ಪೆರಿಫೆರಲ್ ಜೋನ್‌ನಲ್ಲಿ ಡಿಫ್ಯೂಷನ್ ಚಿತ್ರದ ಮಾತೇ ನಡೆಯುತ್ತದೆ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ತುಂಬಿಕೊಂಡು ನೀರಿನ ಕಣಗಳಿಗೆ ಓಡಾಡಲು ಜಾಗ ಕೊಡುವುದಿಲ್ಲ. ಅದರಿಂದ ಆ ಜಾಗ ಹೆಚ್ಚಿನ ಬಿ-ವ್ಯಾಲ್ಯೂ (ಡಿಫ್ಯೂಷನ್ ಚಿತ್ರದ ಸೂಕ್ಷ್ಮತೆ ಹೇಳುವ ಅಂಕಿ) ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ನೀರಿನ ಓಡಾಟ ಅಳೆದು ತೋರಿಸುವ ಎಡಿಸಿ ಮ್ಯಾಪಿನಲ್ಲಿ ಕಪ್ಪಾಗುತ್ತದೆ. ಬಿ-ವ್ಯಾಲ್ಯೂ 1400 ಅಥವಾ ಅದಕ್ಕೂ ಮೇಲೆ ಇರಬೇಕು ಅಂತ ನಿಯಮ. ಗೆರೆಯಂತೆ, ಬೆಣೆಯಂತೆ ಕಂಡರೆ 2. ಒಂದೇ ಕಡೆ ಗುಂಪಾಗಿ, ಎರಡೂ ಚಿತ್ರಗಳಲ್ಲಿ ಎದ್ದು ಕಂಡರೆ 4. ಅದೇ ಕಲೆ 1.5 ಸೆಂಟಿಮೀಟರ್ ಮುಟ್ಟಿದರೆ, ಇಲ್ಲವೇ ಗ್ರಂಥಿಯ ಹೊರಗೆ ದಾಟಿದ್ದು ಸ್ಪಷ್ಟವಾದರೆ 5.

ಒಳಗಿನ ಟ್ರಾನ್ಸಿಷನ್ ಜೋನ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗ್ರಂಥಿಯ ರಚನೆ ತೋರಿಸುವ ಟಿ2 ಬಗೆಯ ಚಿತ್ರ ಮುಖ್ಯ. ವಯಸ್ಸಾದವರಲ್ಲಿ ಈ ಭಾಗ ಗಂಟು ಗಂಟಾಗಿ ಬೆಳೆದಿರುತ್ತದೆ. ಸೀತಾಫಲದ ತೊಳೆಗಳ ಹಾಗೆ ಪ್ರತಿ ಗಂಟಿಗೂ ತನ್ನದೇ ಅಂಚು ಇದ್ದರೆ ಹೆದರುವುದು ಬೇಡ. ಅಂಚೇ ಇಲ್ಲದೆ, ಒರೆಸಿದ ಹಾಗೆ ಮಸುಕಾಗಿ, ಒಂದೇ ಸಮನೆ ಕಪ್ಪಗಿರುವ ಜಾಗ ಕಂಡಾಗ ನಾನು ನಿಲ್ಲುತ್ತೇನೆ. ಡಿಫ್ಯೂಷನ್ ಇಲ್ಲಿ ಸಹಾಯಕ ಅಷ್ಟೇ. ಟಿ2ನಲ್ಲಿ 3 ಬಂದು, ಡಿಫ್ಯೂಷನ್‌ನಲ್ಲಿ 5 ಇದ್ದರೆ ಒಟ್ಟು ಸ್ಕೋರ್ 4 ಆಗುತ್ತದೆ. ಹೊಸದಾಗಿ ಕಲಿಯುವವರಿಗೆ ಇನ್ನೊಂದು ಮಾತು ಹೇಳುತ್ತೇನೆ. ಗ್ರಂಥಿಯ ಬುಡದಲ್ಲಿ ವೀರ್ಯನಾಳಗಳ ಅಕ್ಕಪಕ್ಕ ಇರುವ ಸೆಂಟ್ರಲ್ ಜೋನ್ ಸಹಜವಾಗಿಯೇ ಕಪ್ಪು. ಎಡಬಲ ಒಂದೇ ತರಹ ಇದೆಯಾ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಎದ್ದು ಕಾಣಲು ನರಕ್ಕೆ ಹಾಕುವ ಔಷಧ) ಬಗ್ಗೆ ಜನ ತುಂಬಾ ಕೇಳುತ್ತಾರೆ. ಈ ಪದ್ಧತಿಯಲ್ಲಿ ಅದರ ಪಾತ್ರ ಸಣ್ಣದು: ಅಂಚಿನ ಭಾಗದ 3ನ್ನು 4ಕ್ಕೆ ಏರಿಸುವುದು. 2025ರಲ್ಲಿ ಬಂದ ಪ್ರೈಮ್ ಅಧ್ಯಯನದಲ್ಲಿ, ಚಿತ್ರದ ಗುಣಮಟ್ಟ ಚೆನ್ನಾಗಿದ್ದರೆ ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಹಿಂದೆ ಬೀಳುವುದಿಲ್ಲ ಅಂತ ಗೊತ್ತಾಯಿತು. ನಮ್ಮ ಕಡೆಯವರಿಗೆ ಇದು ಖುಷಿಯ ಸುದ್ದಿ. ಖರ್ಚು ಕಡಿಮೆ, ಸಮಯ ಕಡಿಮೆ, ಕಿಡ್ನಿ ಸರಿ ಇಲ್ಲದವರಿಗೆ ಚಿಂತೆಯೂ ಕಡಿಮೆ.

ಸ್ಕೋರ್ ಜೊತೆಗೆ ಗ್ರಂಥಿಯ ಅಳತೆ ಇಲ್ಲದೆ ನಾನು ರಿಪೋರ್ಟ್ ಬಿಡುವುದಿಲ್ಲ. ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸಿದರೆ ಗಾತ್ರ ಬರುತ್ತದೆ. ಪಿಎಸ್‌ಎಯನ್ನು ಅದರಿಂದ ಭಾಗಿಸಿದರೆ ಪಿಎಸ್‌ಎ ಡೆನ್ಸಿಟಿ. ಇಬ್ಬರಿಗೂ ಪಿಎಸ್‌ಎ 8 ಇದೆ ಅಂದುಕೊಳ್ಳಿ. ಒಬ್ಬರ ಗ್ರಂಥಿ 80 ಸಿಸಿ ಇದ್ದರೆ ಡೆನ್ಸಿಟಿ 0.10. ಇನ್ನೊಬ್ಬರದು 30 ಸಿಸಿ ಇದ್ದರೆ ಸುಮಾರು 0.27. ಸಾಮಾನ್ಯವಾಗಿ 0.15 ದಾಟಿದರೆ ಎಚ್ಚರ ವಹಿಸುತ್ತಾರೆ. ಸ್ಕೋರ್ 2 ಬಂದರೂ ಡೆನ್ಸಿಟಿ ಜಾಸ್ತಿ ಇದ್ದರೆ ಯುರಾಲಜಿ ಡಾಕ್ಟರಿಗೆ ಫೋನ್ ಮಾಡಿ ಹೇಳುತ್ತೇನೆ, ಯಾಕೆಂದರೆ ಎಂಆರ್‌ಐಗೂ ಕಾಣದ ಕ್ಯಾನ್ಸರ್ ಇರುತ್ತದೆ.

ಕಲೆ ಎಲ್ಲಿದೆ ಅಂತ ಪ್ರಾಸ್ಟೇಟ್ ನಕ್ಷೆಯ ಮೇಲೆ ಗುರುತು ಹಾಕಿ ಕಳಿಸುತ್ತೇನೆ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಚಿತ್ರ ಜೋಡಿಸುವ ಫ್ಯೂಷನ್ ಯಂತ್ರ ಎಲ್ಲ ಕಡೆ ಇರುವುದಿಲ್ಲ. ನಕ್ಷೆ ನೋಡಿಕೊಂಡು ಅಂದಾಜಿನಿಂದ ಗುರಿ ಇಡುವ ಡಾಕ್ಟರಿಗೆ ಆ ಗುರುತೇ ಆಧಾರ. ಮಿರಜ್, ಸೊಲ್ಲಾಪುರಕ್ಕೆ ತೋರಿಸಲು ಹೊರಟವರಿಗೆ ಫಿಲ್ಮ್ ಜೊತೆ ಸಿಡಿಯನ್ನೂ ಒಯ್ಯಲು ಹೇಳುತ್ತೇನೆ. ಫಿಲ್ಮ್ ನೋಡಿ ಎಡಿಸಿ ಅಳೆಯಲಾಗುವುದಿಲ್ಲ. ಸಿಡಿ ಇಲ್ಲದಿದ್ದರೆ ಮತ್ತೆ ಸ್ಕ್ಯಾನಿಗೆ ದುಡ್ಡು ಹೋಗುತ್ತದೆ.

ನಮ್ಮಲ್ಲಿ ಟಿಬಿಯನ್ನೂ ನೆನಪಿಡಬೇಕು. ಪ್ರಾಸ್ಟೇಟಿಗೆ ಟಿಬಿ ತಗುಲಿದರೆ, ಇಲ್ಲವೇ ಹಳೆಯ ಉರಿಯೂತ ಗಂಟು ಕಟ್ಟಿದರೆ, ಅದು ನೇರ 5ರಂತೆಯೇ ಕಾಣಬಹುದು. ಆಗಲೂ ಸ್ಕೋರ್ ಇಳಿಸುವುದಿಲ್ಲ. 5 ಅಂತಲೇ ಬರೆದು, ಈ ಸಾಧ್ಯತೆಯನ್ನು ಪಕ್ಕದಲ್ಲಿ ಸೇರಿಸುತ್ತೇನೆ.

ಎಲ್ಲಕ್ಕಿಂತ ಕಷ್ಟದ ಸ್ಕೋರ್ 3. ಅತ್ತಲೂ ಇಲ್ಲ, ಇತ್ತಲೂ ಇಲ್ಲ. "ಹಂಗಾದ್ರ ಈಗ ಏನ್ ಮಾಡೂದ್ರಿ?" ಅಂತ ಮನೆಯವರು ಕೇಳಿದಾಗ ಬಿಡಿಸಿ ಹೇಳುತ್ತೇನೆ: ಡೆನ್ಸಿಟಿ ಕಡಿಮೆ ಇದೆ, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿಲ್ಲ ಅಂದರೆ, ಪಿಎಸ್‌ಎ ಆಗಾಗ ನೋಡುತ್ತಾ ಕಾಯುವ ದಾರಿ ಇದೆ. ಡೆನ್ಸಿಟಿ ಜಾಸ್ತಿ ಇದ್ದರೆ, ಮನೆತನದಲ್ಲಿ ಬಂದಿದ್ದರೆ, ಬಯಾಪ್ಸಿ ಮಾಡಿಸಿಕೊಳ್ಳುವುದು ಒಳ್ಳೆಯದು. ತೀರ್ಮಾನ ಯುರಾಲಜಿ ಡಾಕ್ಟರು ರೋಗಿಯ ಜೊತೆ ಕೂತು ಮಾಡಬೇಕು. ಬಯಾಪ್ಸಿ ಆದ ಮೇಲೆ ಅದರ ರಿಪೋರ್ಟಿನ ಫೋಟೋ ನನಗೂ ಕಳಿಸಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ. ಕ್ಯಾನ್ಸರ್ ಎಷ್ಟು ಉಗ್ರ ಅಂತ ಬಯಾಪ್ಸಿ ಹೇಳುವ ಗ್ಲೀಸನ್ ಅಂಕ 6 ಬಂತೋ, 7 ಬಂತೋ, ಏನೂ ಇಲ್ಲ ಅಂತ ಬಂತೋ, ಅದನ್ನು ಪಕ್ಕದಲ್ಲಿಟ್ಟುಕೊಂಡು ಆ ಚಿತ್ರಗಳನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ.