ಸ್ನೋಮೊಬೈಲ್ ಚೈನ್‌ಕೇಸ್‌ಗೆ ಯಾವ ಎಣ್ಣೆ? ನನ್ನ ಅನುಭವ

ಚಳಿ ಬಿಗಿಯಾದ ಬೆಳಿಗ್ಗೆಗಳಲ್ಲಿ ನನ್ನ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಬಂಡಿ, ಮೊದಲ ಒಂದೆರಡು ಕಿಲೋಮೀಟರ್ ಭಾರ ಎಳೆಯಲಾರದ ಎತ್ತಿನಂತೆ ತಿಣುಕುತ್ತಿತ್ತು. ಬೆಲ್ಟ್ ಸವೆದಿರಬೇಕೆಂದು ಅನುಮಾನಿಸಿ ಒಂದು ವಾರ ಹಾಳು ಮಾಡಿದೆ. ತಪ್ಪು ನನ್ನದೇ. ಶೆಡ್ಡಿನಲ್ಲಿ ಉಳಿದಿದ್ದ 85ಡಬ್ಲ್ಯೂ-140 ಗೇರ್ ಆಯಿಲನ್ನು ಚೈನ್‌ಕೇಸ್‌ಗೆ, ಅಂದರೆ ಬಂಡಿಯ ಪಟ್ಟಿಗೆ ಶಕ್ತಿ ಸಾಗಿಸುವ ಚೈನ್ ಎಣ್ಣೆಯಲ್ಲಿ ತಿರುಗುವ ಪೆಟ್ಟಿಗೆಗೆ, ಸುರಿದಿದ್ದೆ. ಮಂದವಾಗಿದ್ದಷ್ಟೂ ಒಳ್ಳೆಯದು ಎಂಬ ಮೊಂಡು ನಂಬಿಕೆ.

ಡಬ್ಲ್ಯೂ ಅಕ್ಷರದ ಹಿಂದಿನ ಅಂಕಿ ಚಳಿಯ ಲೆಕ್ಕ. 85ಡಬ್ಲ್ಯೂ ಎಣ್ಣೆ ನಿಗದಿತ ಮಿತಿ ಮೀರಿ ಗಟ್ಟಿಯಾಗುವುದಿಲ್ಲ ಎಂಬ ಖಾತರಿ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. 75ಡಬ್ಲ್ಯೂಗೆ ಅದು ಮೈನಸ್ 40ರವರೆಗೂ ಉಂಟು. ಚಳಿ ಆಯಾ ಎಣ್ಣೆಯ ಮಿತಿಗಿಂತ ಕೆಳಗೆ ಹೋದರೆ ಚೈನ್ ಎಣ್ಣೆಯಲ್ಲಿ ಕಾಲುವೆ ಕೊರೆದುಕೊಂಡು, ಮತ್ತೆ ಎಣ್ಣೆ ಹರಿದು ಬರುವ ಮುನ್ನ ಒಣಗಿಯೇ ತಿರುಗುತ್ತದೆ.

ಕೈಪಿಡಿ ತೆರೆದು ನೋಡಿದರೆ ಸ್ಪಷ್ಟವಾಗಿ ಬರೆದಿತ್ತು: ಸಿಂಥೆಟಿಕ್ 75ಡಬ್ಲ್ಯೂ-90. ಮುಚ್ಚಳ ಬಿಚ್ಚಿ ಹಳೆಯದನ್ನು ಬಸಿದೆ. ಜೇನಿನಂತೆ ಎಳೆಎಳೆಯಾಗಿ ಇಳಿಯಿತು. ಲೋಹದ ಪುಡಿ ಹಿಡಿಯಲು ಅದರಲ್ಲಿರುವ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿತ್ತು, ಅದು ಸಹಜ. ಲೋಹದ ಚೂರುಗಳಿದ್ದರೆ ಚಿಂತಿಸಬೇಕಿತ್ತು, ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಚೈನಿನ ಬಿಗಿತವನ್ನೂ ಸರಿಪಡಿಸಿ, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ತುಂಬಿದೆ. ಹೆಚ್ಚು ತುಂಬಿದರೆ ನೊರೆ ಏಳುತ್ತದೆ.

ಮರುದಿನ ಬೆಳಿಗ್ಗೆ ಬಂಡಿ ಹಗುರವಾಗಿ ಹೊರಟಿತು. ಹಳೆಯ ಡಬ್ಬಿಯ ಮೇಲೆ ‘ಟ್ರ್ಯಾಕ್ಟರ್‌ಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.