ಅಡಿಕೆ ಹಾಳೆಯ ಕವಚ, ಚಿರೇಕಲ್ಲಿನ ತುಕ್ಕು: ಉತ್ತರ ಕನ್ನಡದಲ್ಲೊಂದು ಫ್ಯಾಂಟಸಿ ಫ್ಯಾನ್ ಫಿಲಂ

ಮೆಚ್ಚಿದ ಕಾದಂಬರಿ, ಸಿನಿಮಾದ ಲೋಕವನ್ನಿಟ್ಟುಕೊಂಡು ಅಭಿಮಾನಿಗಳೇ ಕೈಯಿಂದ ದುಡ್ಡು ಹಾಕಿ ಮಾಡುವ ಫ್ಯಾಂಟಸಿ ಕಿರುಚಿತ್ರ (ಫ್ಯಾನ್ ಫಿಲಂ) ಕೈಕೊಡುವುದು ಎರಡು ಕಡೆ: ಕವಚ ಆಟಿಕೆಯಂತೆ ಕಂಡಾಗ, ಮಾತು ಕೇಳಿಸದೇ ಹೋದಾಗ. ಡ್ರ್ಯಾಗನ್ ಸರಿಯಾಗಿ ಮೂಡಲಿಲ್ಲವೆಂದು ಯಾರೂ ಅರ್ಧಕ್ಕೆ ಎದ್ದು ಹೋಗುವುದಿಲ್ಲ. ಹಾಗಾಗಿ ಸಮಯ, ಹಣ ಎರಡನ್ನೂ ಮೊದಲು ಉಡುಪಿಗೆ ಮತ್ತು ಧ್ವನಿಗೆ ಮೀಸಲಿಡಿ.

ಚಿತ್ರಕಥೆ ಎಂಟು ಪುಟ ದಾಟದಿರಲಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ಮೂರು ಪಾತ್ರ, ಮೂರು ಜಾಗ ಸಾಕು. ಹೊರಾಂಗಣದಲ್ಲಿ ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಮುಗಿಯುವುದಿಲ್ಲ, ಅಂದರೆ ನಾಲ್ಕು ದಿನದ ಕೆಲಸ. ನೀವು ಮೆಚ್ಚಿದ ಲೋಕದ ನಾಯಕನ ಕಥೆಯನ್ನೇ ಮತ್ತೆ ಹೇಳಬೇಡಿ. ಅದೇ ಲೋಕದ ಗಡಿಯಲ್ಲಿ ಕಾವಲು ಕಾಯುವ ಒಬ್ಬ ಪಹರೆಯವನ ಒಂದು ರಾತ್ರಿಯನ್ನು ಹೇಳಿ. ಚಿತ್ರಕ್ಕೂ ಅದು ಒಳ್ಳೆಯದು, ಕಾನೂನಿನ ದೃಷ್ಟಿಯಿಂದಲೂ ಸ್ವಲ್ಪ ಸುರಕ್ಷಿತ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ 60 ವರ್ಷದವರೆಗೂ ಕೃತಿಯ ಹಕ್ಕು ಉಳಿಯುತ್ತದೆ. ‘ನಾವು ಇದರಿಂದ ದುಡ್ಡು ಮಾಡುತ್ತಿಲ್ಲ’ ಎಂದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಹಕ್ಕುದಾರರು ಅಭಿಮಾನಿ ಚಿತ್ರಗಳಿಗೆ ನಿಯಮ ಪ್ರಕಟಿಸಿದ್ದರೆ ಚಂದಾ ಎತ್ತುವ ಮೊದಲೇ ಓದಿ. ಮೂಲ ಕೃತಿಯ ಸಂಗೀತ, ಲಾಂಛನ ಎರಡನ್ನೂ ಮುಟ್ಟಬೇಡಿ.

ಈಗ ಕವಚ. ಪೇಟೆಯಿಂದ ಫೋಮ್ ಶೀಟ್ ತರಿಸುವ ಮೊದಲು ಶಿರಸಿ, ಸಿದ್ದಾಪುರ ಕಡೆಯ ಯಾವುದಾದರೂ ತೋಟಕ್ಕೆ ಹೋಗಿ ಅಡಿಕೆ ಹಾಳೆ ಕೇಳಿ. ಹಗುರ, ಗಟ್ಟಿ; ಒದ್ದೆಯಾದರೆ ಬಾಗುತ್ತದೆ, ಒಣಗಿದರೆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ಒಬ್ಬರ ಎದೆ, ಬೆನ್ನು, ಭುಜ, ಮೊಣಕೈಗೆ ಸೀಳಿಲ್ಲದ ಹದಿನೈದು ಹಾಳೆ ಬೇಕು. ಹಳೇ ಪೇಪರಿನಲ್ಲಿ ಅಳತೆ ಕತ್ತರಿಸಿ, ನಟನ ಮೈಮೇಲಿಟ್ಟು ನೋಡಿದ ಮೇಲೇ ಹಾಳೆಗೆ ಕತ್ತರಿ ಹಾಕಿ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಭುಜದ ತುಂಡನ್ನು ಕೊಡಪಾನದ ಹೊಟ್ಟೆಗೆ ಒತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಎರಡು ದಿನ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಒಂದು ಬದಿ ಬೇಗ ಒಣಗಿ ಅಂಚು ಸುರುಳಿ ಸುತ್ತುತ್ತದೆ.

ಹಾಳೆಯ ದೌರ್ಬಲ್ಯ ಅದರ ನಾರು: ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಆದ್ದರಿಂದ ಎದೆಕವಚಕ್ಕೆ ಎರಡು ಪದರ ಹಾಕಿ, ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಅಂಟನ್ನು ಎರಡೂ ಮೈಗೆ ಸವರಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ದಾರದ ತೂತು ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗಿರಲಿ, ತೂತಿನ ಹಿಂದೆ ಟ್ಯೂಬಿನ ತುಂಡು ಅಂಟಿಸಿ. ಇಷ್ಟು ಮಾಡದಿದ್ದರೆ ನಟ ಮೊದಲ ಸಲ ಕತ್ತಿ ಎತ್ತಿದಾಗಲೇ ಭುಜ ಹರಿಯುತ್ತದೆ. ಕೊನೆಗೆ ಮರಗೆಲಸದ ಬಿಳಿ ಅಂಟಿಗೆ ಸಮನಾಗಿ ನೀರು ಬೆರೆಸಿ ಒಳಗೂ ಹೊರಗೂ ಬಳಿಯಿರಿ. ಕರಾವಳಿಯ ತೇವಕ್ಕೆ ಬರೀ ಹಾಳೆ ಬೇಗ ಬೂಸ್ಟು ಹಿಡಿಯುತ್ತದೆ.

ಬಣ್ಣದಲ್ಲೇ ಎಲ್ಲರೂ ಎಡವುವುದು. ನೇರವಾಗಿ ಬೆಳ್ಳಿ ಬಣ್ಣ ಹೊಡೆದರೆ ಅದು ಜಾತ್ರೆಯ ಆಟಿಕೆಯೇ. ಮೊದಲು ಇಡೀ ಕವಚಕ್ಕೆ ಕಪ್ಪು ಅಕ್ರಿಲಿಕ್ ಹಾಕಿ. ಒಣಗಿದ ಮೇಲೆ ಬೆಳ್ಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಬಹುತೇಕ ಒಣಗಿದ ಬ್ರಷ್ಷಿನಿಂದ ಅಂಚು, ಉಬ್ಬುಗಳ ಮೇಲಷ್ಟೇ ಸವರಿ. ಹಾಳೆಯ ನಾರುಗೆರೆ ಆಗ ಸುತ್ತಿಗೆಯಿಂದ ಬಡಿದ ಲೋಹದ ಗೀರಿನಂತೆ ಎದ್ದು ಬರುತ್ತದೆ. ಫೋಮಿನಲ್ಲಿ ಇದು ಸಿಗುವುದಿಲ್ಲ. ತುಕ್ಕಿಗೆ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ತೆಳು ಅಂಟಿನಲ್ಲಿ ಕಲಸಿ, ದಾರದ ತೂತಿನ ಸುತ್ತ, ಕಂಕುಳ ಹತ್ತಿರ ಹಚ್ಚಿ. ಬೆವರು, ಮಳೆ ನಿಲ್ಲುವ ಜಾಗಕ್ಕೆ ಮಾತ್ರ. ಎಲ್ಲೆಡೆ ಬಳಿದರೆ ಕೆಸರಿನಂತೆ ಕಾಣುತ್ತದೆ.

ಕತ್ತಿ ಮರದ್ದಾಗಿರಲಿ, ಹೊಡೆದಾಟದ್ದು ಫೋಮಿನದ್ದು. ಕತ್ತಿ ಹಿಡಿದು ಚಿತ್ರೀಕರಿಸುವುದನ್ನು ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ಬರೆದು ತಿಳಿಸಿ.

ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಕರಿಕಲ್ಲಿನ ಆ ಬುಡದಲ್ಲಿ ಮನುಷ್ಯ ಇರುವೆಯಂತೆ ಕಾಣುತ್ತಾನೆ. ಆದರೆ ಅದು ಪೂಜೆ ನಡೆಯುವ ಜಾಗ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಶಿವರಾತ್ರಿಯ ಹೊತ್ತಿಗಂತೂ ಹೋಗಲೇಬೇಡಿ. ಮಿರ್ಜಾನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅರ್ಜಿ ಬೇಗ ಹಾಕಿ; ಮಳೆ ನಿಂತ ಮೇಲೆ ಕೆಲವು ವಾರ ಗೋಡೆಯ ಮೇಲೆ ಪಾಚಿ ಹಸಿರಾಗಿರುವಾಗಲೇ ಅದು ಬೇರೊಂದು ಲೋಕದಂತೆ ಕಾಣುವುದು. ಉಳಿದದ್ದಕ್ಕೆ ಪರಿಚಯದವರ ತೋಟ, ಹಳೇ ಮನೆ ಸಾಕು. ಡ್ರೋನ್ 250 ಗ್ರಾಂಗಿಂತ ಹಗುರವಾದರೂ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆ ನೋಡದೆ ಹಾರಿಸಬೇಡಿ. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುಸ್ಥಾವರ ಇವೆ.

ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮಿಗೆ, ಶಟರ್ 1/50 ಸೆಕೆಂಡಿಗೆ ಇಡಿ; ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಒಳಾಂಗಣದಲ್ಲಿ ದೀಪ ಮಿನುಗುವುದಿಲ್ಲ. ಮುಖಕ್ಕೆ ಬೆಳಕು ತಿರುಗಿಸಲು ಥರ್ಮಾಕೋಲ್ ಶೀಟೇ ಸಾಕು. ರಾತ್ರಿಯ ದೃಶ್ಯವನ್ನು ಹಗಲಲ್ಲೇ ತೆಗೆಯಬಹುದು: ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಸೆಟ್ಟಿಂಗ್) 3200 ಕೆಲ್ವಿನ್, ಎಕ್ಸ್‌ಪೋಷರ್ ಎರಡು ಸ್ಟಾಪ್ ಕಡಿಮೆ (ಅಂದರೆ ಬೆಳಕು ಕಾಲು ಭಾಗ), ಚೌಕಟ್ಟಿನೊಳಗೆ ಆಕಾಶ ಬರಬಾರದು. ಮಂಜು ಬೇಕಿದ್ದರೆ ಡಿಸೆಂಬರ್, ಜನವರಿಯ ಬೆಳಗ್ಗೆ ಶಿರಸಿ ಕಡೆ ಪುಕ್ಕಟೆ ಸಿಗುತ್ತದೆ. ಎಂಟು ಗಂಟೆಯೊಳಗೆ ಮುಗಿಸಿ. ಸಮುದ್ರದಂಡೆಯಲ್ಲಿ ಎರಡು ದಿನ ಒಂದೇ ದೃಶ್ಯವಿದ್ದರೆ ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದನ್ನು ಲೆಕ್ಕ ಹಿಡಿಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಇನ್ನೂ ಜಾಸ್ತಿ, ನಿನ್ನೆ ನಿಂತ ಬಂಡೆ ಇಂದು ಮುಳುಗಿರುತ್ತದೆ.

ಧ್ವನಿಯ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ: ಅಲೆಯ ಮುಂದೆ ಆಡಿದ ಮಾತು ಬಳಕೆಗೆ ಬರುವುದಿಲ್ಲ. ಗುರುತಿಗೆಂದು ರೆಕಾರ್ಡ್ ಮಾಡಿ. ಅದೇ ಸಂಜೆ, ನಟರಿಗೆ ಉಸಿರಾಟದ ಲಯ ನೆನಪಿರುವಾಗಲೇ, ಗೋಡೆಗೆ ಕೌದಿ ತೂಗುಹಾಕಿದ ಕೋಣೆಯಲ್ಲಿ 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡುತ್ತ ಮಾತನ್ನು ಮತ್ತೆ ಆಡಿಸಿ. ಓಡಿದ ದೃಶ್ಯದ ಮಾತಿಗೆ ಮುನ್ನ ಅಂಗಳದಲ್ಲಿ ಎರಡು ಸುತ್ತು ಓಡಿಸಿ. ಕಾಡಿನಲ್ಲಿ ಜೀರುಂಡೆಯ ಸದ್ದು ಒಂದು ಶಾಟಿನಿಂದ ಇನ್ನೊಂದಕ್ಕೆ ಏರಿಳಿದು ಎರಡು ಶಾಟ್ ಸೇರುವ ಪ್ರತಿ ಕಟ್ಟನ್ನೂ (ಎಡಿಟಿಂಗಿನ ‘ಕಟ್’) ತೋರಿಸಿಕೊಡುತ್ತದೆ. ಪ್ರತಿ ಜಾಗ ಬಿಡುವ ಮೊದಲು ಎಲ್ಲರನ್ನೂ ಸುಮ್ಮನಾಗಿಸಿ ಎರಡು ನಿಮಿಷ ಬರೀ ಆ ಜಾಗದ ಸದ್ದನ್ನು ಹಿಡಿದಿಡಿ. ಎಡಿಟಿಂಗಿನಲ್ಲಿ ಎಲ್ಲ ಕಟ್ಟುಗಳ ಕೆಳಗೂ ಅದನ್ನೇ ಹಾಸಬೇಕು.